ಒಂದು ಮಾತು ಕೇಳಲಿಲ್ಲ

ನಮ್ಮ ಮನೆಗಳಲ್ಲಿ ತಲೆದೋರುವ ಮನಸ್ತಾಪಗಳ ಮೂಲವನ್ನು ಶೋಧಿಸಿ ನೋಡುವಷ್ಟು ವ್ಯವಧಾನವುಳ್ಳವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು: ಹಣ ಹೋಯಿತೆಂದು ಮುಖ ಊದಿಸಿಕೊಂಡವರಿಗಿಂತ, ಹಣ ಕೈಬಿಡುವ ಮುನ್ನ ತಮ್ಮನ್ನು ಒಂದು ಮಾತು ಕೇಳಲಿಲ್ಲವೆಂದು ಮುಖ ಊದಿಸಿಕೊಂಡವರೇ ಹೆಚ್ಚು. ಅಣ್ಣನು ಗದ್ದೆಯನ್ನು ಭೋಗ್ಯಕ್ಕೆ ಹಾಕಿದಾಗ ತುಟಿಪಿಟಕ್ಕೆನ್ನದೆ ಸಹಿ ಮಾಡಿದ ತಮ್ಮನು, ಅದೇ ಅಣ್ಣನು ಹಿತ್ತಿಲ ಹಲಸಿನ ಮರವನ್ನು ಹೇಳದೆ ಕಡಿಸಿದನೆಂಬ ಕಾರಣಕ್ಕಾಗಿ ಪಾಲು ಕೇಳಿದ್ದುಂಟು. ಮನೆಯ ಕಷ್ಟಕ್ಕೆಂದು ತನ್ನ ಬಳೆಗಳನ್ನು ತಾನಾಗಿಯೇ ಬಿಚ್ಚಿಕೊಟ್ಟ ಸೊಸೆಯು, ತಾನು ತವರಿಗೆ ಹೋಗಿದ್ದ ಸಮಯ ನೋಡಿ ಬಚ್ಚಲಿನ ಹಳೆಯ ತಾಮ್ರದ ಹಂಡೆಯನ್ನು ಮಾರಿ ಹೊಸದು ತಂದರೆಂದು ವರುಷಗಟ್ಟಲೆ ಎತ್ತಿ ಆಡಿದ್ದುಂಟು. ಗದ್ದೆಯ ಬೆಲೆಗೂ ಮರದ ಬೆಲೆಗೂ, ಚಿನ್ನದ ಬೆಲೆಗೂ ತಾಮ್ರದ ಬೆಲೆಗೂ ಇರುವ ಅಂತರವನ್ನು ಅರಿಯದ ಮೂಢರೇನೂ ಅಲ್ಲ ಇವರು. ಒಂದು ಸಂದರ್ಭದಲ್ಲಿ ಅವರನ್ನು ಕೇಳಿದ್ದರು, ಇನ್ನೊಂದರಲ್ಲಿ ಕೇಳಿರಲಿಲ್ಲ, ವ್ಯತ್ಯಾಸವಿದ್ದುದು ಅಷ್ಟೇ.

ಗೃಹಕೃತ್ಯವೆಂದರೆ ಆದಾಯ ವ್ಯಯಗಳ ಲೆಕ್ಕವೆಂದೂ, ಮಿತವ್ಯಯವೇ ಅದರ ಪರಮಧರ್ಮವೆಂದೂ ಸಾರುವ ಪುಸ್ತಕಗಳು ಬೇಕಾದಷ್ಟಿವೆ. ಅವು ಹೇಳುವುದು ಸುಳ್ಳೆಂದು ನಾನು ವಾದಿಸಲಾರೆ. ಆದರೆ ನಾನು ಹುಟ್ಟಿ ಬೆಳೆದ ಮಲೆನಾಡಿನ ಒಟ್ಟುಮನೆಯನ್ನು, ಅಲ್ಲಿ ಮೂವರು ಅಣ್ಣತಮ್ಮಂದಿರ ಸಂಸಾರಗಳು ಅಷ್ಟು ದೀರ್ಘಕಾಲ ಒಂದೇ ಒಲೆಯಲ್ಲಿ ಬೆಂದ ಅನ್ನವನ್ನುಂಡು ಬಾಳಿದ ಬಗೆಯನ್ನು ನೆನೆದಾಗ, ಅದನ್ನು ನಡೆಸಿದ್ದು ಲೆಕ್ಕದ ಜಾಣ್ಮೆಗಿಂತ ಹೆಚ್ಚಾಗಿ, ಯಾರನ್ನು ಯಾವಾಗ ಯಾವ ಸ್ಥಳದಲ್ಲಿ ಕೇಳಬೇಕೆಂಬ ವಿವೇಕವೆಂದೇ ನನಗೆ ತೋರುತ್ತದೆ.

ಅಡಿಕೆಯ ಮನೆಗೆ ಹಣವು ತಿಂಗಳು ತಿಂಗಳೂ ಬರತಕ್ಕ ವಸ್ತುವಲ್ಲ. ದೀಪಾವಳಿ ಕಳೆದು ಕೊನೆಗೌಡನು ಮರ ಹತ್ತಲು ಮೊದಲಿಟ್ಟರೆ, ಇಳಿದ ಕೊನೆಗಳನ್ನು ಹೊತ್ತು ತಂದು, ಸುಲಿದು, ಚೊಗರು ಹಾಕಿ ಬೇಯಿಸಿ, ಒಣಗಿಸಿ, ಬೆಟ್ಟೆಯೆಂದೂ ರಾಶಿ ಇಡಿಯೆಂದೂ ಗೊರಬಲೆಂದೂ ಆರಿಸಿ, ಚೀಲದ ಬಾಯಿ ಹೊಲಿದು ಸಾಗರದ ಮಂಡಿಗೆ ಗಾಡಿ ಕಟ್ಟುವ ಹೊತ್ತಿಗೆ ಶಿವರಾತ್ರಿ ಹತ್ತಿರವಾಗಿರುತ್ತಿತ್ತು. ವರುಷಕ್ಕೆ ಒಂದಾವರ್ತಿ ಬರುವ ಆ ಹಣದಲ್ಲಿಯೇ ಮಳೆಗಾಲದ ದಿನಸಿ, ಆಳುಗಳ ಕೂಲಿ, ಮಕ್ಕಳ ಬಟ್ಟೆ, ದೇವಕಾರ್ಯ, ಪಿತೃಕಾರ್ಯ, ನಂಟರ ಮನೆಯ ಮದುವೆಗಳ ಉಡುಗೊರೆ ಎಲ್ಲವೂ ನಡೆಯಬೇಕಾಗಿತ್ತು. ನಡೆಯಬೇಕಾಗಿತ್ತು ಎನ್ನುವುದಕ್ಕಿಂತ ಆಗಲೇ ನಡೆದುಹೋಗಿರುತ್ತಿತ್ತು ಎಂದರೆ ಸರಿಯಾದೀತು. ಏಕೆಂದರೆ ಕಳೆದ ಮಳೆಗಾಲದಲ್ಲಿ ತಂದ ಅಕ್ಕಿಬೇಳೆಯ ಬಾಕಿಯು ಮಂಡಿಯ ಖಾತೆಯಲ್ಲಿ ಬಡ್ಡಿಸಮೇತ ಕಾದು ಕುಳಿತಿರುತ್ತಿತ್ತು. ಬೆಳೆದವನೇ ಬೆಳೆಗೆ ಒಡೆಯನಾಗದ ಈ ವಿಪರೀತವನ್ನು ಸಹಿಸಲಾರದೆ ಶಿರಸಿಯ ತೋಟಿಗರು 1923ರಲ್ಲಿ ತಮ್ಮದೇ ಮಾರಾಟ ಸಂಘವನ್ನು ಕಟ್ಟಿಕೊಂಡರು. ಶಿವಮೊಗ್ಗೆಯಲ್ಲಿ 1939ರಲ್ಲಿ ಮ್ಯಾಮ್ಕೋಸ್ ಹುಟ್ಟಿತು. ಮಂಗಳೂರಿನ ಕ್ಯಾಂಪ್ಕೊ 1973ರದು. ಸಂಘಗಳು ಬಂದ ಬಳಿಕ ಸಾಹುಕಾರನ ಹಂಗು ಕಡಮೆಯಾಯಿತೆಂಬುದು ನಿಜ. ಆದರೆ ಮನೆಯೊಳಗೆ ಅದರಿಂದ ಒಂದು ಹೊಸ ತೊಡಕೂ ಹುಟ್ಟಿಕೊಂಡಿತು: ಮೊದಲು ಸಾಹುಕಾರನು ಹೇಳಿದ ದಿನ ಅಡಿಕೆ ಮಾರಿಹೋಗುತ್ತಿತ್ತು, ಈಗ ಮಾರುವುದೋ, ದರ ಏರುವತನಕ ಕಾಯುವುದೋ ಎಂಬ ಪ್ರಶ್ನೆಯು ಜಗಲಿಗೆ ಬಂದು ಕುಳಿತಿತು.

ಈ ವ್ಯವಹಾರಕ್ಕೆಲ್ಲ ಸಾಕ್ಷಿಯಾಗಿದ್ದುದು ದೊಡ್ಡಪ್ಪನವರ ಕಿರ್ದಿ ಪುಸ್ತಕ. ಉದ್ದನೆಯ ಆಕಾರ, ಕೆಂಪು ಬಟ್ಟೆಯ ರಟ್ಟು, ಬೆನ್ನಿಗೆ ದಾರ. ಪ್ರತಿ ಪುಟದ ನೆತ್ತಿಯಲ್ಲಿ ಶ್ರೀಕಾರ, ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಶಿಲ್ಕು. ಖರ್ಚಿನ ಒಂದೊಂದು ಸಾಲಿನಲ್ಲಿಯೂ ಬಾಬ್ತು ಯಾವುದೆಂಬುದನ್ನೂ, ಹಣವು ಯಾರ ಹಸ್ತೆ ಹೋಯಿತೆಂಬುದನ್ನೂ ಅವರು ತಪ್ಪದೆ ನಮೂದಿಸುತ್ತಿದ್ದರು. ಮಳೆಗಾಲದಲ್ಲಿ ಬರೆದ ಪುಟಗಳಲ್ಲಿ ಶಾಯಿ ಹರಡಿ ಎಂಟಾಣೆಯು ರೂಪಾಯಿಯಂತೆ ಕಾಣುವುದೂ ಉಂಟು. ಬಾಲ್ಯದಲ್ಲಿ ನನಗೆ ಬಹಳ ಕುತೂಹಲವನ್ನುಂಟುಮಾಡಿದ್ದು ಅದರಲ್ಲಿ ಪದೇ ಪದೇ ಬರುತ್ತಿದ್ದ ‘ಕಿರುಕುಳ’ ಎಂಬ ಬಾಬ್ತು. ಬಿಡಿ ಖರ್ಚುಗಳಿಗೆ ಲೆಕ್ಕದವರು ಇಟ್ಟ ಹೆಸರದು. ಚಿಕ್ಕಪ್ಪನವರ ನಶ್ಯ, ಬಯಲಾಟದ ಮೇಳದವರಿಗೆ ಕೊಟ್ಟ ಸಂಭಾವನೆ, ಯಾರಿಗೂ ಹೇಳದೆ ಬಡ ನಂಟನೊಬ್ಬನ ಕೈಯಲ್ಲಿಟ್ಟ ಐದು ರೂಪಾಯಿ, ಹೀಗೆ ಒಟ್ಟುಮನೆಯ ಜಗಲಿಯಲ್ಲಿ ಬಾಯಿಬಿಟ್ಟು ಹೇಳಲಾಗದ ಎಲ್ಲ ಖರ್ಚುಗಳಿಗೂ ಆ ಬಾಬ್ತು ಅಭಯಹಸ್ತವನ್ನು ನೀಡಿತ್ತು. ಎಲ್ಲರಿಗೂ ಅದು ಗೊತ್ತಿತ್ತು. ಕಿರುಕುಳದ ವಿವರವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಒಟ್ಟಿಗೆ ಬಾಳಬೇಕೆಂದಿರುವವರು ಕೇಳಬೇಕಾದುದನ್ನು ಕೇಳಿದಂತೆಯೇ, ಕೇಳಬಾರದುದನ್ನು ಕೇಳದೆಯೂ ಇರಬೇಕಾಗುತ್ತದೆ. ಅಂತೂ ಕೊಟ್ಟವರಿಗೆ, ಒಯ್ದವರಿಗೆ, ಪಡೆದವರಿಗೆ ಆ ಪುಸ್ತಕದಲ್ಲಿ ಸ್ಥಾನವಿತ್ತು. ಖರ್ಚಿಗೆ ಮುನ್ನ ಯಾರನ್ನು ಕೇಳಿದರೆಂಬುದಕ್ಕೆ ಅಲ್ಲಿ ಅಂಕಣವಿರಲಿಲ್ಲ.

ನಮ್ಮ ಧರ್ಮಶಾಸ್ತ್ರವೂ ಈ ವಿಷಯದಲ್ಲಿ ದೊಡ್ಡಪ್ಪನವರ ಕಿರ್ದಿಗಿಂತ ಬಹಳ ಮುಂದೆ ಹೋಗಿರಲಿಲ್ಲ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳುತ್ತಿದ್ದ ಕಾಲದಲ್ಲಿ ಅವನ ರಾಜಧಾನಿಯಾದ ಕಲ್ಯಾಣದಲ್ಲಿ, ಎಂದರೆ ಬೀದರ ಜಿಲ್ಲೆಯ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು, ಬಂಗಾಲದಂಥ ಕೆಲವು ಸೀಮೆಗಳನ್ನು ಬಿಟ್ಟರೆ, ಭರತಖಂಡದ ಹಿಂದೂ ಮನೆಗಳ ಆಸ್ತಿಪಾಸ್ತಿಯನ್ನೆಲ್ಲ ಶತಮಾನಗಳ ಕಾಲ ಆಳಿತೆಂಬುದು ಕನ್ನಡ ನೆಲಕ್ಕೆ ಸಂದ ಗೌರವವೇ ಸರಿ. ಮಗನಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಹಕ್ಕುಂಟೆಂದು ಅದು ಹೇಳಿತು. ಆಪತ್ಕಾಲ, ಕುಟುಂಬದ ನಿರ್ವಾಹ, ಧರ್ಮಕಾರ್ಯ ಎಂಬ ಕಾರಣಗಳಿಗಾಗಿ ಮನೆಯ ಸೊತ್ತನ್ನು ಒಬ್ಬನೇ ಪರಭಾರೆ ಮಾಡಬಹುದೆಂದೂ ಅದರಲ್ಲಿ ಉಂಟು. ಮುಂದೆ ಆಂಗ್ಲರ ಕಾಲ ಬಂದು, 1856ರಲ್ಲಿ ಪ್ರಿವಿ ಕೌನ್ಸಿಲಿನವರು ಒಂದು ಪ್ರಸಿದ್ಧ ತೀರ್ಪಿನಲ್ಲಿ, ಇಂಥ ಸೊತ್ತಿನ ಮೇಲೆ ಸಾಲ ಕೊಡುವವನು ಅವಶ್ಯಕತೆಯು ನಿಜವೇ ಎಂಬುದನ್ನು ತಕ್ಕಮಟ್ಟಿಗೆ ವಿಚಾರಿಸಿಕೊಳ್ಳತಕ್ಕದ್ದೆಂದು ವಿಧಿಸಿದರು. ಯಜಮಾನನು ಮಿತವ್ಯಯಿಯಾಗಿರಲೇಬೇಕೆಂಬ ನಿರ್ಬಂಧವಾಗಲಿ, ವಂಚನೆಯ ಆರೋಪವಿಲ್ಲದಿದ್ದರೆ ಪಾಲಿನ ಕಾಲದಲ್ಲಿ ಹಿಂದಿನ ಖರ್ಚುಗಳಿಗೆಲ್ಲ ಲೆಕ್ಕ ಒಪ್ಪಿಸಬೇಕೆಂಬ ನಿರ್ಬಂಧವಾಗಲಿ ಇರಲಿಲ್ಲ. ಇದರ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಹಣದ ಅಗತ್ಯವೇನೆಂದು ಸಾಹುಕಾರನು ಕೇಳತಕ್ಕದ್ದು. ಯಜಮಾನನು ತನ್ನ ಹೆಂಡತಿಯನ್ನು ಕೇಳತಕ್ಕದ್ದೆಂದು ಮಾತ್ರ ಎಲ್ಲಿಯೂ ಬರೆಯಲಿಲ್ಲ!

ಘಟ್ಟದ ಕೆಳಗಿನ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಕಟ್ಟಳೆ ಬೇರೆ ಇತ್ತು. ಅಲ್ಲಿ ಸೊತ್ತು ತಾಯಿಯ ಕಡೆಯಿಂದ ಇಳಿದು ಬರುವುದು. ಹಿರಿಯವಳು ಹೆಂಗಸಾದರೆ ಅವಳೇ ಯಜಮಾನ್ತಿ. ಎಲ್ಲರೂ ಒಪ್ಪಿದ ಹೊರತು ಪಾಲು ಮಾಡಿಕೊಳ್ಳಲು ಅಲ್ಲಿ ಅವಕಾಶವಿರಲಿಲ್ಲ. 1949ರ ಮದರಾಸು ಕಾಯಿದೆ ಬಂದ ಮೇಲೆಯೇ ಒಂದು ಕವರಿನವರು, ಎಂದರೆ ಮನೆಯ ಒಬ್ಬ ಹೆಂಗಸು ಮತ್ತು ಅವಳ ಸಂತತಿಯವರು, ತಮ್ಮ ಪಾಲನ್ನು ಹಕ್ಕಿನಿಂದ ಕೇಳುವಂತಾದುದು. ಎಲ್ಲರನ್ನೂ ಕೇಳಲೇಬೇಕಾದ ಆ ಮನೆಗಳಲ್ಲಿ ಮನಸ್ತಾಪವಿರಲಿಲ್ಲವೆಂದು ಯಾರಾದರೂ ಹೇಳಿದರೆ, ಮಂಗಳೂರಿನ ಹಳೆಯ ವಕೀಲರ ಮನೆಗಳ ಅಂದಚಂದವನ್ನು ಅವರಿಗೆ ತೋರಿಸಿದರೆ ಸಾಕು.

ನಮ್ಮ ದೊಡ್ಡಪ್ಪನವರು ಶಾಸ್ತ್ರ ಓದಿದವರಲ್ಲ. ಆದರೆ ಕೇಳುವ ಕ್ರಮವನ್ನು ಬಲ್ಲವರಾಗಿದ್ದರು. ಕೇಳುವುದಕ್ಕೆ ಮುನ್ನವೇ ಅವರು ಅರ್ಧ ನಿಶ್ಚಯಿಸಿರುತ್ತಿದ್ದರೆಂಬುದು ಎಲ್ಲರಿಗೂ ತಿಳಿದ ಗುಟ್ಟು. ಉಳಿದರ್ಧವನ್ನು ಮಾತ್ರ ಅವರು ಪ್ರಾಮಾಣಿಕವಾಗಿಯೇ ತೆರೆದಿಟ್ಟಿರುತ್ತಿದ್ದರು. ಮೊದಲು ಅವರು ಕೇಳುತ್ತಿದ್ದುದು ಆ ವಿಷಯದಿಂದ ಲಾಭನಷ್ಟವಿಲ್ಲದವರನ್ನು, ಬಹುಮಟ್ಟಿಗೆ ನಮ್ಮ ಭಾವಂದಿರಲ್ಲಿ ಒಬ್ಬರನ್ನು. ಸ್ವಾರ್ಥವಿಲ್ಲದವನು ಯೋಜನೆಯಲ್ಲಿರುವ ತೂತುಗಳನ್ನು ನಿರ್ದಾಕ್ಷಿಣ್ಯವಾಗಿ ಎತ್ತಿ ತೋರಿಸುತ್ತಾನೆ. ಆಮೇಲೆ, ಯಾರ ಬೇಡಿಕೆಯು ಇದರಿಂದ ಮುಂದಿನ ವರ್ಷಕ್ಕೆ ಹೋಗುವುದೋ ಅವರನ್ನು. ಅವರನ್ನೂ ಜಗಲಿಯಲ್ಲಿ ಹತ್ತು ಮಂದಿಯೆದುರಿಗಲ್ಲ, ‘ಕೊಳೆ ಬಿದ್ದಿದ್ಯೇನೋ ನೋಡು ಬಾ’ ಎಂದು ತೋಟಕ್ಕೆ ಕರೆದುಕೊಂಡು ಹೋಗಿ, ಇಬ್ಬರೇ ಇರುವಾಗ. ಕಟ್ಟಕಡೆಗೆ ಅಜ್ಜಿಯನ್ನು. ಅಜ್ಜಿಯನ್ನು ಮೊದಲೇ ಕೇಳುವುದರಲ್ಲಿ ಎರಡು ಅಪಾಯಗಳಿದ್ದವು: ಅವಳು ಬೇಡವೆಂದರೆ ಅದರ ಮೇಲೆ ಅಪೀಲಿರಲಿಲ್ಲ, ಸರಿಯೆಂದರೆ ಮಿಕ್ಕವರಿಗೆ ಅದು ಸಮ್ಮತಿಯಾಗಿ ಉಳಿಯದೆ ಅಪ್ಪಣೆಯಾಗಿಬಿಡುತ್ತಿತ್ತು. ಅಜ್ಜಿಯ ಉತ್ತರಗಳಾದರೋ ಅಭ್ಯಾಸವಿಲ್ಲದವರಿಗೆ ಅರ್ಥವಾಗತಕ್ಕವಲ್ಲ. ‘ನಿಂಗೆ ಸಮ ಕಂಡಂಗೆ ಮಾಡು’ ಎಂದಳೋ, ಆ ಪ್ರಸ್ತಾಪ ಅಲ್ಲಿಗೆ ಸತ್ತಿತು. ‘ಎಷ್ಟಾಗ್ತಡ?’ ಎಂದು ಕೇಳಿದಳೋ, ಒಪ್ಪಿದಳೆಂದೇ ಲೆಕ್ಕ.

ಇಷ್ಟಾದರೂ ಕೆಲವು ಮಾತುಗಳನ್ನು ಯಾರೊಬ್ಬರ ಮುಖವನ್ನು ನೋಡಿಯೂ ಹೇಳುವಂತಿರುವುದಿಲ್ಲ. ಅದಕ್ಕೆ ಅಡಿಕೆ ಸುಲಿಯುವ ರಾತ್ರಿಗಳಿದ್ದವು. ಮಣೆಗೆ ನಿಲ್ಲಿಸಿದ ಮೆಟ್ಟುಗತ್ತಿಯನ್ನು ಎದುರಿಗಿಟ್ಟುಕೊಂಡು ಗಂಡಸರು ಹೆಂಗಸರು ಆಳುಕಾಳುಗಳೆಲ್ಲ ಸಾಲಾಗಿ ಕುಳಿತು, ಕಾಯನ್ನು ಅಲಗಿಗೆ ಒತ್ತಿ, ಸಿಪ್ಪೆ ಸೀಳಿ, ಬೇಳೆಯನ್ನು ಬುಟ್ಟಿಗೆ ಹಾಕುತ್ತ ನಡುರಾತ್ರಿಯವರೆಗೆ ಕೆಲಸ. ಕಣ್ಣು ಅಲಗನ್ನು ಬಿಟ್ಟು ಕದಲಿತೋ ಬೆರಳು ಹೋಯಿತು. ಹಾಗಾಗಿ ಮಾತನಾಡುವವರು ಒಬ್ಬರನ್ನೊಬ್ಬರು ನೋಡುವುದು ಸಾಧ್ಯವೇ ಇರಲಿಲ್ಲ. ಎದುರು ಮುಖ ನೋಡಿದರೆ ಗಂಟಲಲ್ಲಿಯೇ ಉಳಿದುಬಿಡುವ ಮಾತುಗಳು, ದೃಷ್ಟಿ ಕೆಳಗಿರುವಾಗ ತಾವಾಗಿ ಹೊರಬೀಳುತ್ತವೆ. ಚಿಕ್ಕಮ್ಮ ತನ್ನ ತಮ್ಮನಿಗೆ ಸ್ವಲ್ಪ ಹಣ ಬೇಕಾಗಿದೆಯೆಂಬುದನ್ನು ಪಕ್ಕದಲ್ಲಿದ್ದ ಕೆಲಸದ ಹೆಂಗಸಿಗೆ ಹೇಳುವಂತೆ ಹೇಳಿದಳು. ನಾಲ್ಕು ಮಣೆಗಳಾಚೆ ಕುಳಿತಿದ್ದ ದೊಡ್ಡಪ್ಪನವರು ಅದನ್ನು ಕೇಳಿಸಿಕೊಳ್ಳದವರಂತೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ, ಯಾರನ್ನೂ ಉದ್ದೇಶಿಸದೆ, ಈ ಸಲ ಬೆಟ್ಟೆಗೆ ದರ ಚೆನ್ನಾಗಿರುವ ಹಾಗೆ ಕಾಣುತ್ತದೆಂದರು. ವ್ಯವಹಾರ ಮುಗಿಯಿತು. ಮರುವಾರದ ಕಿರ್ದಿಯಲ್ಲಿ ಕಿರುಕುಳದ ಮೊತ್ತ ಕೊಂಚ ದಪ್ಪಗಿದ್ದಿರಬೇಕು. ಈಚೆಗೆ ಸುಲಿಯುವ ಯಂತ್ರಗಳು ಬಂದಿವೆ. ಬೆರಳುಗಳಿಗೆ ಕ್ಷೇಮವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಆ ಯಂತ್ರದ ಗದ್ದಲದಲ್ಲಿ ಯಾರೂ ಯಾರಿಗೂ ಏನನ್ನೂ ಹೇಳುವಂತಿಲ್ಲ.

ಇಂಥ ದೊಡ್ಡಪ್ಪನವರೂ ಒಂದು ಸಲ ಕ್ರಮ ತಪ್ಪಿದರು. ಅಡಿಕೆಗೆ ಒಳ್ಳೆಯ ದರ ಬಂದ ವರ್ಷವದು. ಮನೆಯ ಮುಂದೆ ಮೂರು ಬೇಡಿಕೆಗಳಿದ್ದವು: ಮಾಡಿನ ಹಂಚು ಸೋರುತ್ತಿತ್ತು; ತೋಟಕ್ಕೆ ನೀರೆತ್ತುವ ಡೀಸೆಲ್ ಪಂಪು ಬೇಕಾಗಿತ್ತು; ನನ್ನ ಸೋದರತ್ತೆಯು ಶಿವಮೊಗ್ಗೆಯ ಕಾಲೇಜಿಗೆ ಸೇರಬೇಕೆಂದು ಹಟ ಹಿಡಿದಿದ್ದಳು. ಪಂಪಿನ ಪಕ್ಷಕ್ಕೆ ಚಿಕ್ಕಪ್ಪನವರೇ ನಾಯಕರು. ಬೇಸಗೆಯಲ್ಲಿ ಬಾಡುವ ಸಸಿಗಳನ್ನು ತೋರಿಸಿ ತೋರಿಸಿ ಎಲ್ಲರ ಕಿವಿ ತೂತು ಮಾಡಿದ್ದರು. ಅಡಿಕೆ ಹಾಕಲು ಪೇಟೆಗೆ ಹೋದ ದೊಡ್ಡಪ್ಪನವರಿಗೆ, ಅಂಗಡಿಯವನೊಬ್ಬನು ಇದೊಂದೇ ಪಂಪು ಉಳಿದಿದೆ, ನಾಳೆ ಬಂದರೆ ಸಿಕ್ಕದೆಂದು ನಂಬಿಸಿದನು. ಮುಂಗಡ ಕೊಟ್ಟುಬಿಟ್ಟರು. ಅವರು ಸಂಜೆಯ ಬಸ್ಸಿಗೆ ಮರಳುವಷ್ಟರಲ್ಲಿ ಸುದ್ದಿಯು ಮಧ್ಯಾಹ್ನದ ಬಸ್ಸಿಗೇ ಊರು ತಲಪಿತ್ತು. ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಚಿಕ್ಕಪ್ಪನವರಿಗೆ ಅದನ್ನು ಮೂರನೆಯವನೊಬ್ಬನು, ‘ಓಹೋ, ನಿಮಗೆ ಗೊತ್ತೇ ಇಲ್ಲವೆ?’ ಎಂದು ನಗುತ್ತ ತಿಳಿಸಿದನು. ತಾವೇ ಬೇಡಿ ಬೇಡಿ ತರಿಸಿದ ಪಂಪು ಬಂದು ತೋಟದಲ್ಲಿ ಕುಳಿತಾಗ, ಅದರ ಹಿಡಿಯನ್ನು ಅವರು ಒಂದು ದಿನವೂ ತಿರುಗಿಸಲಿಲ್ಲ. ಪಂಪು ನೀರೆತ್ತಿತು, ಮನೆಯಲ್ಲಿ ಮಾತು ಬತ್ತಿತು. ಕೆಲವು ವರ್ಷಗಳ ಮೇಲೆ ಪಾಲಾದಾಗ ಬರೆದ ಪತ್ರದಲ್ಲಿ ಪಂಪಿನ ಉಲ್ಲೇಖವಿದ್ದುದು ಚರಸ್ವತ್ತುಗಳ ಪಟ್ಟಿಯಲ್ಲಿ, ಕಾರಣಗಳಲ್ಲಿ ಇರಲಿಲ್ಲ.

ಸೋದರತ್ತೆಯ ಕಾಲೇಜಿನ ವಿಷಯ ಬೇರೆ ದಾರಿ ಹಿಡಿಯಿತು. ಪಂಪು ಬಂದ ಮೇಲೆ ಈ ವರ್ಷ ಸಾಧ್ಯವಿಲ್ಲವೆಂದು ದೊಡ್ಡಪ್ಪನವರು ಊಟಕ್ಕೆ ಕುಳಿತಲ್ಲಿ ಹೇಳಿದರು. ಬಡಿಸುತ್ತಿದ್ದ ಅಜ್ಜಿ ‘ಎಷ್ಟಾಗ್ತಡ?’ ಎಂದಳು. ಒಟ್ಟುಮನೆಯ ಹೆಂಗಸರಿಗೆ ಕಿರ್ದಿಯಲ್ಲಿ ಕಾಣದ ಕೆಲವು ಜಮಾಗಳಿದ್ದವು: ಕೊಟ್ಟಿಗೆಯಲ್ಲಿ ಮಿಕ್ಕಿ ಮಾರಿದ ತುಪ್ಪ, ಮರದಡಿಯಲ್ಲಿ ಹೆಕ್ಕಿದ ಉದುರಡಿಕೆ, ಬಳ್ಳಿಯಿಂದ ಬಿದ್ದ ಕಾಳುಮೆಣಸು. ಇವುಗಳಿಗೆ ಗಂಡಸರು ಲೆಕ್ಕ ಕೇಳಬಾರದೆಂಬುದು ಯಾವ ಸ್ಮೃತಿಯಲ್ಲಿಯೂ ಇಲ್ಲದ, ಆದರೆ ಯಾವ ಸ್ಮೃತಿಗಿಂತಲೂ ಗಟ್ಟಿಯಾದ ಕಟ್ಟಳೆ. ಅಜ್ಜಿಯು ಒಳಗಿನ ಕೋಣೆಯಿಂದ ಮೆಣಸಿನ ಭರಣಿಯನ್ನು ತಂದಳು. ಕಾಳುಗಳನ್ನು ಮೊರದ ಮೇಲೆ ಸುರಿದಾಗ ಅಡಿಯಿಂದ ಬಟ್ಟೆಯ ಗಂಟು ಹೊರಬಂತು. ನೋಟುಗಳನ್ನು ಎಣಿಸುತ್ತ ದೊಡ್ಡಪ್ಪನವರು ನಡುವೆ ನಡುವೆ ಸೀನುತ್ತಿದ್ದರು. ಆ ದಿನದ ಕಿರ್ದಿಯಲ್ಲಿ ಎಡಗಡೆ ‘ಅಮ್ಮನಿಂದ ಕೈಗಡ’ ಎಂದು ಬರೆದದ್ದುಂಟು. ಬಲಗಡೆಯಲ್ಲಿ ಆ ಕೈಗಡ ತೀರಿದ ಗುರುತು ಮುಂದಿನ ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ.

ಅರ್ಥಶಾಸ್ತ್ರಜ್ಞರು ಬಹುಕಾಲ ಕುಟುಂಬವನ್ನು ಒಬ್ಬನೇ ಮನುಷ್ಯನೆಂಬಂತೆ ಭಾವಿಸಿ ಲೆಕ್ಕ ಹಾಕುತ್ತಿದ್ದರಂತೆ. ಮನೆಯೊಳಗೆ ಸಹಕಾರವೂ ಘರ್ಷಣೆಯೂ ಏಕಕಾಲದಲ್ಲಿ ನಡೆಯುತ್ತವೆಂದೂ, ಯಾರಿಗೆ ಎಷ್ಟು ಸಲ್ಲುವುದೆಂಬುದು ಅವರ ದುಡಿಮೆಗೆ ಇತರರು ಕೊಡುವ ಬೆಲೆಯನ್ನು ಅವಲಂಬಿಸಿದೆಯೆಂದೂ ಅಮರ್ತ್ಯ ಸೇನರಂಥವರು ಬರೆಯಬೇಕಾಯಿತು. ನಮ್ಮ ಅಜ್ಜಿಗೆ ಇದನ್ನು ಓದಿ ಹೇಳಿದ್ದರೆ, ಇಷ್ಟಕ್ಕೆ ಪುಸ್ತಕವೇಕೆಂದು ಕೇಳುತ್ತಿದ್ದಳೋ ಏನೋ.

ಕಾಯಿದೆಗಳೂ ಈಗ ಬದಲಾಗಿವೆ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನ ಹಕ್ಕು ಬಂದಿದೆ. ಆಹಾರ ಭದ್ರತೆಯ 2013ರ ಕಾಯಿದೆಯು ಪಡಿತರ ಚೀಟಿಯ ಮಟ್ಟಿಗೆ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥಳೆಂದು ಕರೆಯಿತು. ಗೃಹಲಕ್ಷ್ಮಿ ಯೋಜನೆಯಲ್ಲಿ 2023ರಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಲ್ಲುವುದೆಂದಾದಾಗ, ಯಜಮಾನಿಯೆಂದರೆ ಅತ್ತೆಯೋ ಸೊಸೆಯೋ ಎಂಬ ಜಿಜ್ಞಾಸೆಯು ನಾಡಿನ ಕಟ್ಟೆಕಟ್ಟೆಗಳಲ್ಲಿ ನಡೆಯಿತು. ಕೆಲವರು ನಕ್ಕರು. ನನಗೆ ಅದರಲ್ಲಿ ನಗುವಂಥದೇನೂ ಕಾಣಲಿಲ್ಲ; ಅಷ್ಟು ಮನೆಗಳು ತಮ್ಮಲ್ಲಿ ಯಜಮಾನಿಕೆ ಯಾರದೆಂಬ ಪ್ರಶ್ನೆಯನ್ನು ಬಾಯಿಬಿಟ್ಟು ಚರ್ಚಿಸಿದ ಸಂದರ್ಭ ಹಿಂದೆ ಯಾವಾಗ ಬಂದಿತ್ತು? ಆದರೆ ಹಕ್ಕು ಪತ್ರದಲ್ಲಿ ಬಂದಮಾತ್ರಕ್ಕೆ ಕೇಳುವ ಅಭ್ಯಾಸ ಬಂತೆನ್ನುವಂತಿಲ್ಲ. ತಂಗಿಯ ಸಹಿ ಬೇಕೆಂದು ನೋಂದಣಿಯ ಹಿಂದಿನ ದಿನ ಫೋನು ಮಾಡುವ ಅಣ್ಣಂದಿರನ್ನು ನಾನು ಬಲ್ಲೆ. ಕಾಗದಗಳೆಲ್ಲ ಸಿದ್ಧವಾಗಿರುತ್ತವೆ, ಅವಳು ಬಂದು ಸಹಿ ಹಾಕಿದರಾಯಿತು. ತವರಿನ ದಾರಿ ಮುಚ್ಚೀತೆಂದು ಅವಳೂ ಹಾಕಿಬಿಡುತ್ತಾಳೆ.

ನಮ್ಮ ತಲೆಮಾರಿನವರು ಊರೂರಿಗೆ ಚದುರಿಹೋದೆವು. ಹಳೆಯ ಮನೆಯು ದೊಡ್ಡಪ್ಪನವರ ಪಾಲಿಗೆ ಬಂದಿತ್ತಾದರೂ ಒಟ್ಟಿನ ಶ್ರಾದ್ಧ, ದೇವಕಾರ್ಯಗಳು ಅಲ್ಲಿಯೇ ನಡೆಯುವುದರಿಂದ ಅದರ ರಿಪೇರಿಗೆ ಎಲ್ಲರೂ ಹಣ ಹಾಕುವುದೆಂದು ರೂಢಿಯಾಗಿದೆ. ಕಳೆದ ಮಳೆಗಾಲದ ಬಳಿಕ, ಹಂಚು ತೆಗೆಸಿ ಶೀಟು ಹಾಕಿಸುವ ಪ್ರಸ್ತಾಪವನ್ನು ದೊಡ್ಡಪ್ಪನವರ ಮಗನು ನಮ್ಮ ವಾಟ್ಸಾಪಿನ ಗುಂಪಿನಲ್ಲಿ ಮಂಡಿಸಿದನು. ಎಲ್ಲರನ್ನೂ ಒಂದೇ ಗಳಿಗೆಯಲ್ಲಿ ಕೇಳಿದಂತಾಯಿತು; ಹೊರದೇಶದಲ್ಲಿರುವವರು ಸಹ ಹೆಬ್ಬೆರಳ ಚಿತ್ರವನ್ನೊತ್ತಿ ಅನುಮೋದಿಸಿದರು. ಅಭ್ಯಂತರ ಯಾರಿಂದಲೂ ಬರಲಿಲ್ಲ. ಹಣವೂ ಯಾರಿಂದಲೂ ಬರಲಿಲ್ಲ. ತಿಂಗಳೆರಡು ಕಳೆದ ಮೇಲೆ ಅವನಿಗೆ ಅಪ್ಪನ ರಕ್ತ ನೆನಪಾಗಿರಬೇಕು. ಶಿವಮೊಗ್ಗೆಯಲ್ಲಿ ಅಧ್ಯಾಪಕಿಯಾಗಿ ನಿವೃತ್ತಳಾಗಿರುವ ಸೋದರತ್ತೆಗೆ ಫೋನು ಮಾಡಿ, ‘ಅತ್ತೆ, ನಿಂಗೆ ಹ್ಯಾಂಗೆ ಕಾಣ್ತು?’ ಎಂದು ಕೇಳಿದನು.

‘ಶೀಟು ಹಾಕೋ ವಿಚಾರ ನಿಮ್ಮಮ್ಮನ್ನ ಕೇಳಿದ್ಯನಾ?’ ಎಂದಳಂತೆ ಅತ್ತೆ. ಆ ಮನೆಯಲ್ಲಿ ವರ್ಷದುದ್ದಕ್ಕೂ ಒಬ್ಬಳೇ ಇರುವವಳು ದೊಡ್ಡಮ್ಮ. ಗುಂಪಿನಲ್ಲಿ ಅವಳಿಲ್ಲ, ಅವಳ ಫೋನಿನಲ್ಲಿ ಆ ಸೌಕರ್ಯವೂ ಇಲ್ಲ. ಕೇಳಿದಾಗ ಅವಳು, ಮಾಡು ಇನ್ನೆರಡು ಮಳೆಗಾಲ ತಡೆದೀತೆಂದೂ, ಸೋರುವ ಕಡೆ ಒಡೆದ ಹಂಚನ್ನಷ್ಟೇ ಬದಲಿಸಿದರೆ ಸಾಕೆಂದೂ, ಬಚ್ಚಲಿನ ಕಲ್ಲುಚಪ್ಪಡಿ ಜಾರಿ ತಾನು ಆಗಲೇ ಒಂದು ಸಲ ಬಿದ್ದಾಗಿದೆಯೆಂದೂ ಹೇಳಿದಳು. ಬಿದ್ದ ಸಂಗತಿಯೇ ನಮಗಾರಿಗೂ ಗೊತ್ತಿರಲಿಲ್ಲ. ಈಗ ಬಚ್ಚಲಿಗೆ ಒರಟು ಟೈಲ್ಸು ಹಾಕಿಸುವ ಕೆಲಸ ನಡೆದಿದೆ, ಗೋಡೆಗೆ ಹಿಡಿದುಕೊಳ್ಳಲು ಒಂದು ಸರಳನ್ನೂ ಕೂರಿಸುವರಂತೆ. ಎಲ್ಲರ ಪಾಲಿನ ಹಣವೂ ಅದೇ ವಾರ ಬಂದು ಸೇರಿತು. ಶೀಟಿನ ವಿಷಯವನ್ನು ಮುಂದಿನ ಕೊನೆಕೊಯ್ಲು ಮುಗಿದ ಮೇಲೆ ನೋಡುವುದೆಂದಾಗಿದೆ.